ಒದೆಯುವ ರಿವಾಲ್ವರೋ, ಕೈಗೆ ಒಗ್ಗುವ ರಿವಾಲ್ವರೋ?

ತೋಟದ ಮನೆಯಲ್ಲಿ ಆತ್ಮರಕ್ಷಣೆಗೆಂದು ರಿವಾಲ್ವರ್ ಇಟ್ಟುಕೊಳ್ಳಲು ಲೈಸೆನ್ಸ್ ಪಡೆದ, ಇಲ್ಲವೆ ಪಡೆಯಬೇಕೆಂದಿರುವ ಸದಸ್ಯರು ಸಂಘದ ಕಚೇರಿಗೆ ಬಂದಾಗ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಸೆಕ್ರೆಟರಿಗಳೇ, .32 ಸಾಕೇ, ಅಥವಾ ಎಲ್ಲಾದರೂ ಹುಡುಕಿ .357 ಮ್ಯಾಗ್ನಂ ತೆಗೆದುಕೊಳ್ಳುವುದೇ?"

ಈ ಪ್ರಶ್ನೆಯ ಹಿಂದಿರುವ ಆತಂಕ ಸುಳ್ಳಲ್ಲ. ಅಮ್ಮಸಂದ್ರದ ಸುತ್ತಮುತ್ತ, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಗಳಲ್ಲಿ ಅನೇಕ ತೋಟದ ಮನೆಗಳು ಊರಿಂದ ದೂರ. ಉಂಡೆ ಕೊಬ್ಬರಿಗಾಗಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿ ಕೂಡಿಟ್ಟಿರುತ್ತೇವೆ. ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ. ಮಕ್ಕಳು ಬೆಂಗಳೂರು ಸೇರಿದ್ದಾರೆ. ಮನೆಯಲ್ಲಿ ಉಳಿದವರು ವಯಸ್ಸಾದ ಇಬ್ಬರೇ. ನಡುರಾತ್ರಿ ನಾಯಿ ಬೊಗಳಿದರೆ ಎದೆ ಹೊಡೆದುಕೊಳ್ಳುವುದು ಸಹಜ. ಆಗ ಮನಸ್ಸು ಹೇಳುವುದು, ಇಡುವುದಾದರೆ ದೊಡ್ಡದನ್ನೇ ಇಡೋಣ ಎಂದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ರಿವಾಲ್ವರ್ ಬೇಕೇಬೇಕು ಎಂದಾದರೆ ನಮ್ಮಂಥವರಿಗೆ .32 ಒಳ್ಳೆಯದು. ಕಾರಣಗಳನ್ನು ಒಂದೊಂದಾಗಿ ನೋಡೋಣ.

ಕಾನೂನು ಬಿಟ್ಟಿರುವ ಆಯ್ಕೆ

1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಸೈನ್ಯ, ಪೊಲೀಸರು ಬಳಸುವ ಮದ್ದುಗುಂಡು ಹಿಡಿಸುವ .38, .455, 9 ಮಿಲಿಮೀಟರ್ ಮುಂತಾದ ಅಳತೆಗಳು ನಿಷೇಧಿತ ವರ್ಗಕ್ಕೆ ಸೇರಿವೆ. ಜಿಲ್ಲಾಧಿಕಾರಿಗಳು ಕೊಡುವ ಸಾಮಾನ್ಯ ಲೈಸೆನ್ಸಿಗೆ ಇವು ಬರುವುದಿಲ್ಲ. ಉಳಿಯುವುದು .22, .32, .357 ಮುಂತಾದವು.

ಇವುಗಳಲ್ಲಿ .32 ನಮ್ಮ ದೇಶದಲ್ಲೇ ತಯಾರಾಗುತ್ತದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಗಳ ರಿವಾಲ್ವರುಗಳು ಎಲ್ಲರಿಗೂ ಗೊತ್ತಿರುವಂಥವು. 2020ರ ನಂತರ ಉತ್ತರ ಪ್ರದೇಶದ ಸಂಡೀಲಾದಲ್ಲಿ ವೆಬ್ಲಿ ಅಂಡ್ ಸ್ಕಾಟ್ ಹೆಸರಿನ .32 ರಿವಾಲ್ವರ್ ಸಹ ತಯಾರಾಗತೊಡಗಿತು. ಇದರ ಕಾಡತೂಸು ಪುಣೆ ಬಳಿಯ ಖಡ್ಕಿಯ ಕಾರ್ಖಾನೆಯಿಂದ ಬರುತ್ತದೆ. .357ರ ಕಥೆ ಬೇರೆ. ಸಾರ್ವಜನಿಕರು ವಿದೇಶಿ ಬಂದೂಕು ತರಿಸಿಕೊಳ್ಳಲು 1980ರ ದಶಕದಿಂದ ದಾರಿ ಮುಚ್ಚಿದಂತೆಯೇ ಇದೆ. ಹೆಸರಾಂತ ಗುರಿಕಾರರಂಥ ಕೆಲವರಿಗೆ ಮಾತ್ರ ವಿನಾಯಿತಿ. ಆದ್ದರಿಂದ ಮ್ಯಾಗ್ನಂ ಎಂದರೆ ಹೆಚ್ಚಾಗಿ ಕೈಯಿಂದ ಕೈಗೆ ಬಂದ ಹಳೆಯ ಮಾಲು. ಬೆಲೆ ಹಲವು ಪಟ್ಟು. ಕಾಡತೂಸಂತೂ ಸಿಕ್ಕಾಗ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಅಪರೂಪದ, ದುಬಾರಿ ಕಾಡತೂಸನ್ನು ಯಾರೂ ಅಭ್ಯಾಸಕ್ಕೆ ಖರ್ಚು ಮಾಡುವುದಿಲ್ಲ. ಅಭ್ಯಾಸವಿಲ್ಲದ ಆಯುಧ ಪೆಟ್ಟಿಗೆಯಲ್ಲಿಟ್ಟ ಒಡವೆಯಂತೆ.

ಕೊಡಗಿನಲ್ಲಿ ನೆಂಟಸ್ತಿಕೆ ಇರುವ ಕೆಲವು ಸದಸ್ಯರು ಅಲ್ಲಿಯ ವಿನಾಯಿತಿಯ ಬಗ್ಗೆ ಕೇಳುವುದುಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದೆ. ಅದು ಆ ನೆಲಕ್ಕೆ ಸೇರಿದ್ದು. ತುಮಕೂರು ಜಿಲ್ಲೆಯವರು ಲೈಸೆನ್ಸ್ ಇಲ್ಲದೆ ಕೋವಿ ಮುಟ್ಟುವಂತಿಲ್ಲ.

ಲೆಕ್ಕ ಏನು ಹೇಳುತ್ತದೆ

.32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್ ಎಂಬ ಕಾಡತೂಸು 1896ರಿಂದ ಬಳಕೆಯಲ್ಲಿದೆ. ಅದರ ಸೀಸದ ಗುಂಡಿನ ತೂಕ ಸುಮಾರು 6.3 ಗ್ರಾಂ, ನಳಿಗೆಯಿಂದ ಹೊರಬೀಳುವಾಗ ಸೆಕೆಂಡಿಗೆ ಸುಮಾರು 215 ಮೀಟರ್ ವೇಗ. .357 ಮ್ಯಾಗ್ನಂ ಬಂದದ್ದು 1935ರಲ್ಲಿ. ಹಳೆಯ .38 ಸ್ಪೆಷಲ್ ಕಾಡತೂಸನ್ನು ಸುಮಾರು 3 ಮಿಲಿಮೀಟರ್ ಉದ್ದ ಮಾಡಿ, ಮದ್ದಿನ ಒತ್ತಡ ಏರಿಸಿ ತಯಾರಿಸಿದ್ದು ಇದು. 'ಮ್ಯಾಗ್ನಂ' ಎಂದರೆ ಲ್ಯಾಟಿನ್ ಭಾಷೆಯಲ್ಲಿ ದೊಡ್ಡದು ಎಂದೇ ಅರ್ಥ. ಇದರ ಗುಂಡು ಸುಮಾರು 10.2 ಗ್ರಾಂ; ನಾಲ್ಕು ಅಂಗುಲದ ನಳಿಗೆಯಿಂದ ಸೆಕೆಂಡಿಗೆ ಸುಮಾರು 375 ಮೀಟರ್ ವೇಗ.

ಗುಂಡಿನ ಶಕ್ತಿಯನ್ನು ಲೆಕ್ಕ ಹಾಕಿದರೆ .32ಕ್ಕೆ ಸುಮಾರು 145 ಜೌಲ್, .357ಕ್ಕೆ 700 ಜೌಲ್‌ಗೂ ಮೇಲೆ. ಹತ್ತಿರ ಹತ್ತಿರ ಐದು ಪಟ್ಟು. ಅಂಗಡಿಯವನು ಹೇಳುವುದು ಇಷ್ಟು ಮಾತ್ರ. ಆದರೆ ಗುಂಡು ಮುಂದಕ್ಕೆ ಹೋದಷ್ಟೇ ನೂಕನ್ನು ಆಯುಧ ಹಿಂದಕ್ಕೆ, ನಮ್ಮ ಅಂಗೈಗೆ ಕೊಡುತ್ತದೆ. ಇದು ಶಾಲೆಯಲ್ಲಿ ಓದಿದ ನ್ಯೂಟನ್ನನ ಮೂರನೆಯ ನಿಯಮ. ಮ್ಯಾಗ್ನಂ ಗುಂಡಿನ ನೂಕು .32ರದಕ್ಕಿಂತ ಸುಮಾರು 2.8 ಪಟ್ಟು. 700 ಗ್ರಾಂ ತೂಕದ .32ನ್ನೂ ಒಂದು ಕಿಲೋ ತೂಕದ .357ನ್ನೂ ಪಕ್ಕಪಕ್ಕ ಇಟ್ಟು ನೋಡಿದರೂ, ಕೈಗೆ ಬಡಿಯುವ ಒದೆತದ ಶಕ್ತಿ ಐದು ಪಟ್ಟಿಗೆ ಕಡಿಮೆಯಾಗುವುದಿಲ್ಲ. ಹೊರಹೊಮ್ಮುವ ಮದ್ದಿನ ಅನಿಲದ ನೂಕು ಈ ಲೆಕ್ಕದಲ್ಲಿ ಸೇರಿಲ್ಲ.

ಒದೆತ ಮಾಡುವ ಕೆಡುಕು

ಒದೆತದಿಂದ ಬರುವುದು ಬರಿಯ ಕೈನೋವಲ್ಲ. ಮೊದಲ ಗುಂಡು ಹಾರಿದ ಮೇಲೆ ನಳಿಗೆ ಮೇಲಕ್ಕೆ ಜಿಗಿಯುತ್ತದೆ. ಮತ್ತೆ ಗುರಿಗೆ ತರಲು ಹೊತ್ತು ಬೇಕು. ಅದಕ್ಕಿಂತ ಕೆಟ್ಟದ್ದೆಂದರೆ, ಎರಡು ಮೂರು ಸಲ ಪೆಟ್ಟು ತಿಂದ ಕೈ ಮುಂದಿನ ಸಲ ಟ್ರಿಗರ್ ಎಳೆಯುವ ಮುಂಚೆಯೇ ಬೆಚ್ಚಿ ಬೀಳುತ್ತದೆ. ಕಣ್ಣು ಮುಚ್ಚಿಕೊಳ್ಳುತ್ತದೆ, ಮಣಿಕಟ್ಟು ಕೆಳಕ್ಕೆ ಬಾಗುತ್ತದೆ, ಗುಂಡು ಗುರಿಯ ಕೆಳಗೆ ಎಲ್ಲೋ ನೆಲ ಸೇರುತ್ತದೆ. ಹೊಸಬರು ಹತ್ತು ಮೀಟರ್ ದೂರದ ದೊಡ್ಡ ಹಲಗೆಯನ್ನೇ ತಪ್ಪಿಸುವುದು ಹೆಚ್ಚಾಗಿ ಹೀಗೆಯೇ. ಒಮ್ಮೆ ಅಂಟಿದ ಈ ಚಾಳಿಯನ್ನು ಬಿಡಿಸುವುದು ಕಷ್ಟ.

ಮ್ಯಾಗ್ನಂನ ಸದ್ದು ಮತ್ತು ಬೆಂಕಿಯನ್ನೂ ಗಮನಿಸಬೇಕು. ನಾಲ್ಕು ಗೋಡೆಯ ನಡುವೆ, ಕತ್ತಲಲ್ಲಿ ಹಾರಿಸಿದರೆ ಅದರ ಜ್ವಾಲೆಗೆ ಕಣ್ಣು ಕತ್ತಲಿಡುತ್ತದೆ, ಕಿವಿ ಗುಂಯ್ ಎನ್ನುತ್ತದೆ. .32 ಸಹ ಕಿವಿಗೆ ಹಿತವಲ್ಲ. ಆದರೆ ಹಾರಿಸಿದವನನ್ನೇ ಕಂಗೆಡಿಸುವಷ್ಟು ಅಬ್ಬರ ಅದಕ್ಕಿಲ್ಲ.

ನಮ್ಮಲ್ಲಿ ಲೈಸೆನ್ಸ್ ಉಳ್ಳವರ ವಯಸ್ಸನ್ನೂ ನೆನೆಯೋಣ. ಹೆಚ್ಚಿನವರು ಐವತ್ತು ದಾಟಿದವರು. ಗುದ್ದಲಿ, ಮಚ್ಚು ಹಿಡಿದು ಸವೆದ ಮಣಿಕಟ್ಟು, ಕೆಲವರಿಗೆ ಸಂಧಿನೋವು. ಮರ ಕಡಿಯುವ ಕೊಡಲಿ ಗಟ್ಟಿಯಾಗಿದೆಯೆಂದು ಅದರಲ್ಲಿ ಎಳನೀರು ಕೆತ್ತುವವರು ಯಾರೂ ಇಲ್ಲ. ಕೈಗೆ ಒಗ್ಗಿದ ಮಚ್ಚನ್ನೇ ಹುಡುಕುತ್ತೇವೆ. ಇಲ್ಲಿಯೂ ಅದೇ ನ್ಯಾಯ.

ಕಸುಬಿನವರ ಅನುಭವ

ಬಂದೂಕು ಹಿಡಿಯುವುದನ್ನೇ ಕಸುಬಾಗಿಸಿಕೊಂಡವರು ಏನು ಕಂಡುಕೊಂಡರು ನೋಡಿ. ಅಮೆರಿಕದ ಮಯಾಮಿಯಲ್ಲಿ 1986ರ ಏಪ್ರಿಲ್ 11ರಂದು ನಡೆದ ಗುಂಡಿನ ಕಾಳಗದಲ್ಲಿ ಎಫ್.ಬಿ.ಐ.ನ ಇಬ್ಬರು ಅಧಿಕಾರಿಗಳು ಸತ್ತರು. ಗುಂಡಿನ ಶಕ್ತಿ ಸಾಲದೆ ಹೋಯಿತೆಂದು ಆ ಸಂಸ್ಥೆ ಬಲವಾದ 10 ಮಿಲಿಮೀಟರ್ ಪಿಸ್ತೂಲನ್ನು ಆರಿಸಿತು. ಪೂರ್ಣ ಮದ್ದಿನ ಒದೆತ ಹೆಚ್ಚೆನಿಸಿ ಮದ್ದು ಇಳಿಸಬೇಕಾಯಿತು; ಅಲ್ಲಿಂದ .40 ಅಳತೆಗೆ ಬಂದರು. ಕೊನೆಗೆ 2014ರಲ್ಲಿ ಅವರ ತರಬೇತಿ ವಿಭಾಗವೇ ಇನ್ನೂ ಮೃದುವಾದ 9 ಮಿಲಿಮೀಟರಿಗೆ ಮರಳುವುದು ಮೇಲೆಂದು ವರದಿ ಕೊಟ್ಟಿತು. ಹೆಚ್ಚಿನ ಅಧಿಕಾರಿಗಳು ಅದರಲ್ಲಿ ಬೇಗನೆ ಹಾಗೂ ನೇರವಾಗಿ ಹೊಡೆಯಬಲ್ಲರು ಎಂಬುದು ಅದಕ್ಕೆ ಕೊಟ್ಟ ಮುಖ್ಯ ಕಾರಣಗಳಲ್ಲೊಂದು. ನಿತ್ಯ ತರಬೇತಿ ಇರುವವರ ಪಾಡೇ ಹೀಗಾದರೆ, ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಹೊರತೆಗೆಯುವ ನಾವು ಯೋಚಿಸಬೇಡವೇ?

ಇನ್ನೊಂದು ಘಟನೆ 1970ರ ಏಪ್ರಿಲಿನದು. ಕ್ಯಾಲಿಫೋರ್ನಿಯಾದ ನ್ಯೂಹಾಲ್ ಎಂಬಲ್ಲಿ ಹೆದ್ದಾರಿ ಪೊಲೀಸರ ನಾಲ್ವರು ಒಂದೇ ರಾತ್ರಿ ಹತರಾದರು. ಅವರಲ್ಲಿ ಕೆಲವರು ಅಭ್ಯಾಸ ಮಾಡಿದ್ದು ಮೃದುವಾದ .38ರಲ್ಲಿ, ಕರ್ತವ್ಯಕ್ಕೆ ಒಯ್ದದ್ದು ಮ್ಯಾಗ್ನಂ ಕಾಡತೂಸು. ಯಾವುದನ್ನು ಒಯ್ಯುತ್ತೇವೋ ಅದರಲ್ಲೇ ಅಭ್ಯಾಸ ಇರಬೇಕೆಂಬ ಪಾಠ ಪೊಲೀಸ್ ತರಬೇತಿಗೆ ಸೇರಿದ್ದು ಅಲ್ಲಿಂದ.

ನಮ್ಮ ದೇಶದ ಉದಾಹರಣೆಯೂ ಇದೆ. 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ .30ರಿಂದ .38ರವರೆಗೆ ಯಾವ ಅಳತೆಯಾದರೂ ಆಗಬಹುದು. ಆದರೂ ಸ್ಪರ್ಧಿಗಳಲ್ಲಿ ಹೆಚ್ಚಿನವರು ಒಲಿಯುವುದು ಇದೇ .32 ಕಾಡತೂಸಿಗೆ. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಜಸ್ಪಾಲ್ ರಾಣಾ 590 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿದ್ದು ಈ ಸ್ಪರ್ಧೆಯಲ್ಲೇ.

ತಪ್ಪಿದ ಗುಂಡು ಎಲ್ಲಿ ನಿಲ್ಲುತ್ತದೆ?

ತೋಟವೆಂದರೆ ಬಯಲಲ್ಲ. ಬೇಲಿಯಾಚೆ ಇನ್ನೊಬ್ಬರ ಮನೆ, ಕೂಲಿಯವರ ಗುಡಿಸಲು, ರಾತ್ರಿ ಕರೆಂಟು ಬಂದಾಗ ಮೋಟಾರು ಹಾಕಲು ಹೋಗುವ ಆಳು, ದನದ ಕೊಟ್ಟಿಗೆ. ಮ್ಯಾಗ್ನಂ ಗುಂಡು ಬಾಗಿಲ ಹಲಗೆಯನ್ನೂ ಅದರಾಚೆ ನಿಂತವನನ್ನೂ ದಾಟಿ ಹೋಗಬಲ್ಲದು. .32 ಅಷ್ಟು ತೂರುವುದಿಲ್ಲ. ಹಾಗೆಂದು ಅದು ಆಟಿಕೆಯೂ ಅಲ್ಲ. ಮೇಲ್ಮುಖವಾಗಿ ಹಾರಿದರೆ ಅದೂ ಸುಮಾರು ಒಂದು ಕಿಲೋಮೀಟರ್ ದೂರ ಹೋಗಿ ಬೀಳುತ್ತದೆ. ಹಾರಿಸಿದ ಪ್ರತಿ ಗುಂಡಿಗೂ ಲೈಸೆನ್ಸುದಾರನೇ ಜವಾಬ್ದಾರ.

ಕಾಯಿ ಕಳ್ಳ, ಅಡಿಕೆ ಕಳ್ಳರ ಮೇಲೆ ನಮಗೆಲ್ಲ ಸಿಟ್ಟಿದೆ. ಆದರೆ ಬರಿಯ ಕಳ್ಳತನಕ್ಕೆ ಪ್ರಾಣ ತೆಗೆಯುವ ಹಕ್ಕನ್ನು ಕಾನೂನು ಕೊಟ್ಟಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನೂ ಅದರ ಮಿತಿಯನ್ನೂ ಹೇಳುತ್ತವೆ. ಜೀವಕ್ಕೆ ಅಥವಾ ತೀವ್ರ ಗಾಯಕ್ಕೆ ಭಯವಿರುವಾಗ, ದರೋಡೆ, ರಾತ್ರಿ ಕನ್ನ, ಮನೆಗೆ ಬೆಂಕಿ ಇಂಥ ಸಂದರ್ಭಗಳಲ್ಲಿ ಮಾತ್ರ ಆ ಹಕ್ಕು ಅಷ್ಟು ದೂರ ಹೋಗುತ್ತದೆ. ಆಗಲೂ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಮರದ ಮೇಲಿರುವ ಕಾಯಿ ಕಳ್ಳನಿಗೆ ಗುರಿಯಿಟ್ಟರೆ ನಾಲ್ಕು ಕಾಯಿಗಾಗಿ ಒಂದು ಜೀವವೂ ನಮ್ಮ ಸಂಸಾರವೂ ಹಾಳಾಗುತ್ತವೆ.

"ಸಣ್ಣದು ಕೆಲಸಕ್ಕೆ ಬಾರದು" ಎನ್ನುವವರಿಗೆ

ಈ ಮಾತಿನಲ್ಲಿ ಸತ್ಯಾಂಶವಿದೆ. .32ರ ಒಂದು ಗುಂಡು ಎದುರಾಳಿಯನ್ನು ಥಟ್ಟನೆ ನಿಲ್ಲಿಸುತ್ತದೆಂಬ ಭರವಸೆ ಇಲ್ಲ. ಸಮಾನ ಅನುಭವವಿರುವ, ನಿಯಮಿತ ಅಭ್ಯಾಸ ಮಾಡುವ ಗಟ್ಟಿ ಕೈಯವನಿಗೆ ಮ್ಯಾಗ್ನಂ ಹೆಚ್ಚು ಸಮರ್ಥ ಆಯುಧವೇ. ಆದರೆ ತಗುಲಿದ ಸಣ್ಣ ಗುಂಡು ತಪ್ಪಿದ ದೊಡ್ಡ ಗುಂಡಿಗಿಂತ ಮೇಲು. ನಮ್ಮಲ್ಲಿ ಹೆಚ್ಚಿನವರು ಸೇರುವುದು ತಪ್ಪುವವರ ಪಟ್ಟಿಗೆ.

ಕರಡಿ, ಚಿರತೆಗೆ ಮ್ಯಾಗ್ನಂ ಬೇಕಲ್ಲವೇ ಎಂದೂ ಕೇಳುತ್ತಾರೆ. ನಮ್ಮ ಕಡೆ ಎರಡೂ ಉಂಟು. ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿಗಳು. ಮೈಮೇಲೆ ಬಂದಾಗ ಜೀವ ಉಳಿಸಿಕೊಳ್ಳಲು ಮಾಡಿದ್ದನ್ನು ಕಾನೂನು ಅಪರಾಧವೆನ್ನುವುದಿಲ್ಲ, ನಿಜ. ಆದರೆ ಗಾಯಗೊಂಡ ಕರಡಿ ಗಾಯವಿಲ್ಲದ ಕರಡಿಗಿಂತ ಅಪಾಯ. ಅದಕ್ಕೆ ಟಾರ್ಚು, ಸದ್ದು, ಜೊತೆಗೊಬ್ಬರು ಇರುವುದು, ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸುವುದು ಸರಿಯಾದ ದಾರಿ. ಯಾವ ರಿವಾಲ್ವರೂ ಅಲ್ಲ.

ಸದಸ್ಯರ ಗಮನಕ್ಕೆ

1. ರಿವಾಲ್ವರ್ ಬೇಕೇ ಎಂದು ಮೊದಲು ಯೋಚಿಸಿ. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಅಜ್ಜನ ಕಾಲದ ಕೋವಿಯೂ ಲೆಕ್ಕಕ್ಕೆ ಬರುತ್ತದೆ. ಒಳ್ಳೆಯ ದೀಪ, ಗಟ್ಟಿ ಬಾಗಿಲು, ಎಚ್ಚರದ ನಾಯಿ ಇವು ಮೂರಕ್ಕೂ ಲೈಸೆನ್ಸ್ ಬೇಡ.

2. .32ರಲ್ಲೂ ತೂಕ ನೋಡಿ. 2014ರಲ್ಲಿ ಬಂದ 'ನಿರ್ಭೀಕ್' ಸುಮಾರು 500 ಗ್ರಾಂ. ಚೀಲದಲ್ಲಿ ಒಯ್ಯಲು ಹಗುರ, ಆದರೆ ಹಗುರವಾದಷ್ಟೂ ಒದೆತ ಹೆಚ್ಚು. ಮನೆಯಲ್ಲಿಡಲು 700 ಗ್ರಾಂ ಆಸುಪಾಸಿನದು ಮೇಲು.

3. ಕೊಳ್ಳುವ ಮುನ್ನ ಖಾಲಿ ರಿವಾಲ್ವರನ್ನು ಹಿಡಿದು ನೋಡಿ. ಟ್ರಿಗರನ್ನು ನಳಿಗೆ ಅಲುಗದಂತೆ ಪೂರ್ತಿ ಎಳೆಯಲು ಬೆರಳಿಗೆ ಶಕ್ತಿ ಸಾಲದಿದ್ದರೆ ಅದು ನಿಮ್ಮದಲ್ಲ.

4. 2016ರ ಶಸ್ತ್ರಾಸ್ತ್ರ ನಿಯಮಗಳು ಸುರಕ್ಷತಾ ತರಬೇತಿಯನ್ನು ವಿಧಿಸಿವೆ. ಅದನ್ನು ಕಾಗದದ ಶಾಸ್ತ್ರವಾಗಿ ಮುಗಿಸಬೇಡಿ. ಅಭ್ಯಾಸ ಮಾನ್ಯತೆ ಇರುವ ರೇಂಜಿನಲ್ಲಿ ಮಾತ್ರ. ತೋಟದಲ್ಲಿ ತೆಂಗಿನ ಚಿಪ್ಪು ಇಟ್ಟು ಹೊಡೆಯಕೂಡದು.

5. ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಆಯುಧ ಅವರದೇ. ಮನೆಯವರಿಗೆ, ಕಾವಲುಗಾರನಿಗೆ ಕೊಟ್ಟು ಹೋಗುವಂತಿಲ್ಲ. ಆಯುಧವನ್ನೂ ಕಾಡತೂಸನ್ನೂ ಬೇರೆ ಬೇರೆ ಬೀಗದಲ್ಲಿಡಿ. ಮೊಮ್ಮಕ್ಕಳು ರಜೆಗೆ ಬಂದಾಗ ಇನ್ನೂ ಎಚ್ಚರ.

6. ಮದುವೆ, ಜಾತ್ರೆ, ಹಬ್ಬದಲ್ಲಿ ಗಾಳಿಗೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

7. ಚುನಾವಣೆ ಘೋಷಣೆಯಾದಾಗ ಆಯುಧ ಠೇವಣಿ ಇಡಲು ಆದೇಶ ಬಂದರೆ ತಡಮಾಡದೆ ಇಟ್ಟು ರಸೀದಿ ಪಡೆಯಿರಿ. ಲೈಸೆನ್ಸ್ ನವೀಕರಣದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಅರ್ಜಿ ಬರೆಯಲು, ನಿಯಮ ತಿಳಿಯಲು ನೆರವು ಬೇಕಾದವರು ಕಚೇರಿ ವೇಳೆಯಲ್ಲಿ ಬಂದು ವಿಚಾರಿಸಬಹುದು. ಬರುವಾಗ ಲೈಸೆನ್ಸ್ ಪುಸ್ತಕ ತನ್ನಿ, ಆಯುಧ ತರಬೇಡಿ.

— ಕಾರ್ಯದರ್ಶಿ