ಜೆರಾಕ್ಸ್ ಯಂತ್ರದ ಹೊಟ್ಟೆಯಲ್ಲೊಂದು ಬಾಚಣಿಗೆ

ಮಲೆನಾಡಿನ ಜುಲೈ. ಸಾಗರದ ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಮಳೆ ನಿಲ್ಲಲಿ ಎಂದು ನಿಂತಿದ್ದೆ. ಸ್ಕೂಲ್ ಯೂನಿಫಾರ್ಮಿನ ಹುಡುಗಿಯೊಬ್ಬಳು ಕೊಡೆ ಮಡಚುತ್ತ ಬಂದು, "ಅಕ್ಕಾ, ಆಧಾರ್ ಕಾರ್ಡು ಎರಡು ಕಾಪಿ, ಹಿಂದೆ ಮುಂದೆ ಒಂದೇ ಪೇಜಲ್ಲಿ" ಅಂದಳು. ಕಾಪಿ ಬಂತು. ಅಕ್ಷರಗಳು ಅಲ್ಲಲ್ಲಿ ಅಳಿಸಿಹೋದಂತೆ ಮಸುಕಾಗಿದ್ದವು.

"ಪೇಪರ್ ತಂಡಿ ಹಿಡಿದಿದೆ ಕಣೇ, ಮಳೆಗಾಲ ನೋಡು" ಎಂದರು ಅಂಗಡಿಯ ಅಕ್ಕ.

"ಪೇಪರಿಗೆ ತಂಡಿ ಹಿಡಿದರೆ ಇಂಕು ಯಾಕಕ್ಕಾ ಮಸುಕಾಗುತ್ತೆ?"

ಎಂಥ ಒಳ್ಳೆಯ ಪ್ರಶ್ನೆ! ಇದಕ್ಕೆ ಉತ್ತರ ಹುಡುಕಿ ಹೊರಟರೆ ಬಲ, ಚಲನೆ, ಕಾಂತ, ವಿದ್ಯುತ್ತು ಎಲ್ಲವೂ ಒಂದೇ ಪೆಟ್ಟಿಗೆಯೊಳಗೆ ಸಿಗುತ್ತವೆ. ಮೊದಲನೆಯ ಮಾತು, ಜೆರಾಕ್ಸ್ ಯಂತ್ರದಲ್ಲಿ ಇಂಕೇ ಇಲ್ಲ. ಅಲ್ಲಿರುವುದು ಒಣ ಪುಡಿ. ಆ ಪುಡಿಯನ್ನು ಹಾಳೆಯ ಮೇಲೆ ಅಕ್ಷರವಾಗಿ ಕೂರಿಸುವುದು, ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರನ್ನು ಎತ್ತುತ್ತೇವಲ್ಲ, ಅದೇ ಶಕ್ತಿ.

ಈ ಬಾಚಣಿಗೆಯ ಆಟವನ್ನು ನಾವೆಲ್ಲ ತೀರ ಹಗುರವಾಗಿ ನೋಡಿಬಿಟ್ಟಿದ್ದೇವೆ ಎಂದು ನನಗೆ ಅನ್ನಿಸುತ್ತದೆ. ಒಣಗಿದ ಕೂದಲಿಗೆ ಪ್ಲಾಸ್ಟಿಕ್ ಬಾಚಣಿಗೆಯನ್ನೋ ಸ್ಕೇಲನ್ನೋ ಹತ್ತು ಸಲ ಉಜ್ಜಿ, ಸಾಸಿವೆಯಷ್ಟು ಕಾಗದದ ಚೂರಿನ ಮೇಲೆ ಹಿಡಿಯಿರಿ. ಚೂರು ಮೊದಲು ನಡುಗುತ್ತದೆ, ಒಂದು ಅಂಚಿನ ಮೇಲೆ ಎದ್ದು ನಿಲ್ಲುತ್ತದೆ, ಆಮೇಲೆ ಟಪ್ಪೆಂದು ಹಾರಿ ಅಂಟಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಚೂರನ್ನು ಕೆಳಕ್ಕೆ ಎಳೆಯುತ್ತಿದ್ದವರು ಯಾರು? ಬೆಟ್ಟ, ಸಮುದ್ರ, ಒಳಗಿನ ಕಬ್ಬಿಣದ ತಿರುಳು ಎಲ್ಲ ಸೇರಿದ ಇಡೀ ಭೂಮಿ. ಮೇಲಕ್ಕೆ ಎಳೆದದ್ದು ಒಂದು ಬಾಚಣಿಗೆ. ಗೆದ್ದದ್ದು ಬಾಚಣಿಗೆ!

ಉಜ್ಜುವಾಗ ಕೂದಲಿನ ಪರಮಾಣುಗಳಿಂದ ಒಂದಿಷ್ಟು ಎಲೆಕ್ಟ್ರಾನುಗಳು ಪ್ಲಾಸ್ಟಿಕ್ಕಿಗೆ ಜಿಗಿಯುತ್ತವೆ. ಎಲೆಕ್ಟ್ರಾನಿನದು ಋಣ ಆವೇಶ. ಪ್ಲಾಸ್ಟಿಕ್ಕು ಅವಾಹಕವಾದ್ದರಿಂದ ಅವು ಹರಿದು ಹೋಗಲಾರದೆ ಅಲ್ಲೇ ಕೂರುತ್ತವೆ. ಹರಿಯದೆ ನಿಂತದ್ದರಿಂದಲೇ ಇದಕ್ಕೆ ಸ್ಥಿರ ವಿದ್ಯುತ್ತು ಎಂಬ ಹೆಸರು. ಒಂದೇ ಜಾತಿಯ ಆವೇಶಗಳು ದೂಡಿಕೊಳ್ಳುತ್ತವೆ, ಬೇರೆ ಜಾತಿಯವು ಸೆಳೆದುಕೊಳ್ಳುತ್ತವೆ. ಹೈಡ್ರೋಜನ್ ಪರಮಾಣುವಿನಲ್ಲಿ ಎಲೆಕ್ಟ್ರಾನಿಗೂ ಪ್ರೋಟಾನಿಗೂ ನಡುವೆ ಇರುವ ಈ ಸೆಳೆತ, ಅವೆರಡರ ನಡುವಿನ ಗುರುತ್ವದ ಸೆಳೆತಕ್ಕಿಂತ ಎಷ್ಟು ಪಟ್ಟು ದೊಡ್ಡದು ಗೊತ್ತೇ? 1ರ ಮುಂದೆ 39 ಸೊನ್ನೆ ಬರೆಯಿರಿ, ಅದಕ್ಕಿಂತಲೂ ಹೆಚ್ಚು. ಇಷ್ಟು ದೊಡ್ಡ ಬಲ ನಮ್ಮ ಸುತ್ತ ಎಲ್ಲೆಲ್ಲೂ ಇದ್ದರೂ ಗೊತ್ತಾಗುವುದಿಲ್ಲ. ವಸ್ತುಗಳಲ್ಲಿ ಧನವೂ ಋಣವೂ ಸರಿಸಮ ಇದ್ದು ಒಂದನ್ನೊಂದು ಮರೆಸಿಬಿಡುತ್ತವೆ. ಉಜ್ಜಿದಾಗ ಆ ಲೆಕ್ಕ ಒಂಚೂರು ತಪ್ಪುತ್ತದೆ, ಅಷ್ಟೇ ಸಾಕು.

ಈ ಒಂಚೂರನ್ನು ಕೆಲಸಕ್ಕೆ ಹಚ್ಚಿದವರು ಅಮೆರಿಕದ ಚೆಸ್ಟರ್ ಕಾರ್ಲ್‌ಸನ್. ಭೌತಶಾಸ್ತ್ರ ಓದಿ, ನ್ಯೂಯಾರ್ಕಿನ ಕಂಪನಿಯೊಂದರ ಪೇಟೆಂಟ್ ವಿಭಾಗದಲ್ಲಿದ್ದರು. ಅಲ್ಲಿ ಪ್ರತಿಯೊಂದು ದಾಖಲೆಗೂ ನಕಲು ಬೇಕು, ನಕಲು ಬೇಕೆಂದರೆ ಮತ್ತೆ ಟೈಪ್ ಮಾಡಬೇಕು ಇಲ್ಲವೇ ಫೋಟೊ ತೆಗೆಸಬೇಕು. ಸಂಧಿವಾತ ಬೇರೆ ಇತ್ತು. ಮನೆಯ ಅಡುಗೆಮನೆಯಲ್ಲೇ ಗಂಧಕ ಕಾಯಿಸಿ ಪ್ರಯೋಗ ಶುರುಮಾಡಿದರು. 1938ರ ಅಕ್ಟೋಬರ್ 22ರಂದು ಅಸ್ಟೋರಿಯಾ ಎಂಬ ಬಡಾವಣೆಯ ಸಣ್ಣ ಕೋಣೆಯಲ್ಲಿ, ಸಹಾಯಕ ಒಟ್ಟೊ ಕೊರ್ನೈ ಜೊತೆ, ಗಂಧಕ ಸವರಿದ ಸತುವಿನ ತಗಡನ್ನು ಕತ್ತಲಲ್ಲಿ ಹತ್ತಿಯ ಕರವಸ್ತ್ರದಿಂದ ಉಜ್ಜಿದರು. ಗಾಜಿನ ಪಟ್ಟಿಯ ಮೇಲೆ ಕಪ್ಪು ಮಸಿಯಲ್ಲಿ ಆ ದಿನದ ತಾರೀಕು ಮತ್ತು ಊರಿನ ಹೆಸರು ಬರೆದು, ತಗಡಿನ ಮೇಲಿಟ್ಟು, ಕೆಲವು ಸೆಕೆಂಡು ಪ್ರಖರ ದೀಪ ಹಿಡಿದರು. ಗಾಜು ತೆಗೆದು ಲೈಕೊಪೋಡಿಯಂ ಎಂಬ ಗಿಡದ ನುಣುಪಾದ ಪುಡಿ ಉದುರಿಸಿ ಊದಿದರು. ಪುಡಿಯೆಲ್ಲ ಹಾರಿಹೋಯಿತು, ಬರೆದ ಅಕ್ಷರಗಳ ಜಾಗದಲ್ಲಿ ಮಾತ್ರ ಉಳಿಯಿತು. ಅದನ್ನು ಮೇಣದ ಕಾಗದಕ್ಕೆ ಒತ್ತಿ ತೆಗೆದರು. ಉಪಕರಣ ಎಂದರೆ ಒಂದು ಕರ್ಚೀಫು, ಒಂದು ದೀಪ, ಒಂದು ಪುಡಿ. ಈ ಪ್ರಯೋಗವನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆದರೂ 20ಕ್ಕೂ ಹೆಚ್ಚು ಕಂಪನಿಗಳು ಇದು ಬೇಡವೆಂದವು. ಈ ವಿದ್ಯೆಯಿಂದ ಹುಟ್ಟಿದ ‘ಜೆರಾಕ್ಸ್ 914’ ಕಚೇರಿಗಳಿಗೆ ಬರಲು ತಯಾರಾಗುವ ಹೊತ್ತಿಗೆ 1959. ಗ್ರೀಕಿನಲ್ಲಿ ‘ಜೆರೋಸ್’ ಎಂದರೆ ಒಣ. ಮಸಿಯಿಲ್ಲದ ಒಣ ಬರಹ ಎಂಬುದು ಹೆಸರಿನಲ್ಲೇ ಇದೆ.

ಈ ಪ್ರಯೋಗ ನಡೆದದ್ದು ಬೆಳಕಿನ ದೆಸೆಯಿಂದ. ಗಂಧಕ ಕತ್ತಲಲ್ಲಿ ಅವಾಹಕ, ಬೆಳಕು ಬಿದ್ದರೆ ವಾಹಕದಂತೆ ವರ್ತಿಸುತ್ತದೆ. ಬೆಳಕು ಬಿದ್ದ ಕಡೆಯೆಲ್ಲ ಆವೇಶ ತಗಡಿಗೆ ಸೋರಿಹೋಯಿತು, ಅಕ್ಷರದ ನೆರಳು ಬಿದ್ದಲ್ಲಿ ಉಳಿಯಿತು. ನಮ್ಮೂರ ಅಂಗಡಿಯ ಯಂತ್ರದಲ್ಲಿ ತಗಡಿನ ಬದಲು ಇಂಥದೇ ಗುಣದ ಲೇಪನವಿರುವ ಡ್ರಮ್ ಇದೆ, ಕರ್ಚೀಫಿನ ಬದಲು ಕರೆಂಟಿನಿಂದಲೇ ಅದಕ್ಕೆ ಆವೇಶ ತುಂಬುತ್ತಾರೆ. ಈಗಿನ ಡಿಜಿಟಲ್ ಯಂತ್ರಗಳಲ್ಲಿ ಲೇಸರ್ ಕಿರಣ ಅಕ್ಷರದ ಜಾಗದ ಆವೇಶವನ್ನೇ ಅಳಿಸುತ್ತದೆ; ಸುತ್ತಲಿನ ಆವೇಶ ಪುಡಿಯನ್ನು ದೂಡಿ ಆ ಜಾಗಕ್ಕೆ ಅಟ್ಟುತ್ತದೆ.

ಇನ್ನು ಪುಡಿ. ಅಂಗಡಿಯವರ ಮಾತಿನಲ್ಲಿ ಟೋನರ್. ಕಪ್ಪು ಇಂಗಾಲ ಬೆರೆಸಿದ ಪ್ಲಾಸ್ಟಿಕ್ಕಿನ ಕಣ, ಒಂದೊಂದೂ ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತ ಚಿಕ್ಕದು. ಇದನ್ನು ಡ್ರಮ್ಮಿನ ಹತ್ತಿರ ಹೊತ್ತು ತರುವುದು ಹೇಗೆ? ದೊಡ್ಡ ಯಂತ್ರಗಳಲ್ಲಿ ಈ ಕೆಲಸ ಕಾಂತದ್ದು. ಹಳೇ ಸ್ಪೀಕರಿನ ಮ್ಯಾಗ್ನೆಟ್ಟಿಗೆ ದಾರ ಕಟ್ಟಿ ಮರಳಿನಲ್ಲಿ ಎಳೆದಾಡಿದ್ದೀರಾ? ಕರಿ ಪುಡಿ ಮೆತ್ತಿಕೊಂಡು ಮುಳ್ಳುಹಂದಿಯ ಹಾಗೆ ನಿಮಿರಿ ನಿಲ್ಲುತ್ತದೆ. ಕಾಂತದ ಹತ್ತಿರ ಬಂದ ಕಬ್ಬಿಣದ ಪ್ರತಿ ಕಣವೂ ತಾನೇ ಒಂದು ಪುಟ್ಟ ಕಾಂತವಾಗುತ್ತದೆ, ಒಂದರ ತಲೆಗೆ ಇನ್ನೊಂದರ ಬಾಲ ಅಂಟಿ ಸರಪಳಿಯಾಗುತ್ತದೆ. ಯಂತ್ರದೊಳಗೂ ಹೀಗೇ. ಒಂದು ಉರುಳೆಯೊಳಗೆ ಕಾಂತಗಳಿವೆ, ಅದರ ಮೈಮೇಲೆ ಕಬ್ಬಿಣದ ಸಣ್ಣ ಮಣಿಗಳು ನಿಮಿರಿ ನಿಂತು ಬ್ರಷ್ಷಿನಂತಾಗುತ್ತವೆ. ಟೋನರ್ ಕಣಗಳು ಈ ಮಣಿಗಳಿಗೆ ಉಜ್ಜಿ ಉಜ್ಜಿ ಆವೇಶ ಪಡೆದು ಅವಕ್ಕೇ ಅಂಟಿಕೊಂಡಿರುತ್ತವೆ, ಬಾಚಣಿಗೆಗೂ ಕೂದಲಿಗೂ ನಡೆದದ್ದೇ ಇಲ್ಲೂ. ಬ್ರಷ್ಷು ಡ್ರಮ್ಮನ್ನು ಸವರಿದಾಗ ಟೋನರ್ ಡ್ರಮ್ಮಿನ ಸೆಳೆತಕ್ಕೆ ಜಿಗಿಯುತ್ತದೆ. ಕಬ್ಬಿಣದ ಮಣಿ ಕಾಂತವನ್ನು ಬಿಟ್ಟು ಕದಲುವುದಿಲ್ಲ. ಕಾಂತ ತನ್ನದನ್ನು ಹಿಡಿದಿಟ್ಟುಕೊಂಡಿತು, ವಿದ್ಯುತ್ತು ತನ್ನದನ್ನು ಕರೆದುಕೊಂಡಿತು. ಇದಕ್ಕಿಂತ ಅಚ್ಚುಕಟ್ಟಾದ ಪಾಲುಗಾರಿಕೆಯನ್ನು ನಾನು ಬೇರೆ ಯಾವ ಯಂತ್ರದಲ್ಲೂ ಕಂಡಿಲ್ಲ.

ಅಷ್ಟು ಹೊತ್ತಿಗೆ ಕೆಳಗಿನ ಟ್ರೇಯಿಂದ ಹಾಳೆ ಹೊರಟಿರುತ್ತದೆ. ಅದನ್ನು ಎಳೆಯುವುದು ರಬ್ಬರ್ ರೋಲರ್, ಎಳೆಯಲು ಬೇಕಾದದ್ದು ಘರ್ಷಣೆ. ರಬ್ಬರಿಗೂ ಹಾಳೆಗೂ ನಡುವಿನ ಘರ್ಷಣೆ ಹಾಳೆಗೂ ಹಾಳೆಗೂ ನಡುವಿನದಕ್ಕಿಂತ ಹೆಚ್ಚಿರುವುದರಿಂದ ಮೇಲಿನದೊಂದೇ ಬರುತ್ತದೆ. ಅಕ್ಕ ಹಾಳೆಯ ಕಟ್ಟನ್ನು ಟ್ರೇಗೆ ಹಾಕುವ ಮುಂಚೆ ಬೆರಳಿನಿಂದ ಪರಪರನೆ ಬಿಡಿಸುತ್ತಾರೆ. ಒತ್ತಿಕೊಂಡಿದ್ದ ಹಾಳೆಗಳ ನಡುವೆ ಗಾಳಿ ಹೋಗಲಿ, ಎರಡೆರಡು ಒಟ್ಟಿಗೆ ನುಗ್ಗಿ ಜಾಮ್ ಆಗದಿರಲಿ ಎಂದು. ರೋಲರಿಗೆ ಕಾಗದದ ಧೂಳು ಮೆತ್ತಿ ಅದು ಜಾರತೊಡಗಿದರೆ ಬಟ್ಟೆಯಲ್ಲಿ ಒರೆಸುತ್ತಾರೆ.

ಹಾಳೆ ಡ್ರಮ್ಮನ್ನು ಮುಟ್ಟುವ ಕ್ಷಣ ಎರಡರ ವೇಗವೂ ಒಂದೇ ಇರಬೇಕು. ಒಂದೇ ವೇಗದಲ್ಲಿ ಪಕ್ಕಪಕ್ಕ ಹೋಗುವ ಎರಡು ಬಸ್ಸುಗಳಲ್ಲಿ ಕೂತವರಿಗೆ ಆಚೆಯ ಬಸ್ಸು ನಿಂತಂತೆ ಕಾಣುತ್ತದಲ್ಲ, ಹಾಗೆ ಹಾಳೆಯ ಪಾಲಿಗೆ ಡ್ರಮ್ ನಿಂತಿರಬೇಕು. ಒಂಚೂರು ಹೆಚ್ಚುಕಮ್ಮಿಯಾದರೂ ಅಕ್ಷರ ಎಳೆದುಹೋಗುತ್ತದೆ. ಮುಟ್ಟುವಾಗ ಯಂತ್ರ ಹಾಳೆಯ ಬೆನ್ನಿಗೆ ಆವೇಶ ಕೊಡುತ್ತದೆ. ಡ್ರಮ್ಮಿಗಿಂತ ಬಲವಾದ ಆ ಸೆಳೆತಕ್ಕೆ ಪುಡಿ ಹಾಳೆಗೆ ಹಾರುತ್ತದೆ. ಆಮೇಲೆ ಬಿಸಿ ರೋಲರುಗಳ ನಡುವೆ ಪ್ಲಾಸ್ಟಿಕ್ಕು ಕರಗಿ ಕಾಗದದ ನಾರಿಗೆ ಕಚ್ಚಿಕೊಳ್ಳುತ್ತದೆ. ಕಾಪಿ ಕೈಗೆ ಬಂದಾಗ ಬೆಚ್ಚಗಿರುವುದು ಇದಕ್ಕೇ.

ಈಗ ಹುಡುಗಿಯ ಪ್ರಶ್ನೆ. ಒಣ ಹಾಳೆ ಅವಾಹಕ, ಬೆನ್ನಿಗೆ ಕೊಟ್ಟ ಆವೇಶ ಅಲ್ಲೇ ನಿಲ್ಲುತ್ತದೆ. ತೇವ ಹೀರಿದ ಹಾಳೆಯಲ್ಲಿ ಅದು ಸೋರಿಹೋಗುತ್ತದೆ, ಸೆಳೆತ ಸಾಲದೆ ಅರ್ಧ ಪುಡಿ ಡ್ರಮ್ಮಿನಲ್ಲೇ ಉಳಿಯುತ್ತದೆ. ಮಳೆಗಾಲದಲ್ಲಿ ಬಾಚಣಿಗೆ ಕಾಗದ ಎತ್ತದಿರುವುದೂ ಇದೇ ಕಾರಣಕ್ಕೆ. ಇದನ್ನು ಹೇಳುತ್ತ ನಾನು ಅವಳ ಸ್ಕೇಲನ್ನು ಇಸಿದುಕೊಂಡು ತೋಳಿಗೆ ಉಜ್ಜಿ ಚೂರಿನ ಮೇಲೆ ಹಿಡಿದೆ. ಚೂರು ಅಲ್ಲಾಡಲಿಲ್ಲ. ಅವಳು ಅದನ್ನೇ ಉತ್ತರವಾಗಿ ತೆಗೆದುಕೊಂಡು ತಲೆಯಾಡಿಸಿದಳು.

ಅಕ್ಕ ಗೋಡೆಯ ಕಪಾಟಿನ ಬಾಗಿಲು ತೆರೆದರು. ಒಳಗೆ ಒಂದು ಹಳದಿ ಬಲ್ಬು ಉರಿಯುತ್ತಿತ್ತು, ಅದರ ಪಕ್ಕದಲ್ಲಿ ಹಾಳೆಯ ಕಟ್ಟುಗಳು. "ಅಪ್ಪನ ಕಾಲದಿಂದ ಮಳೆಗಾಲ ಮುಗಿಯೋವರೆಗೂ ಈ ಬಲ್ಬು ಆರಿಸೋದಿಲ್ಲ" ಎನ್ನುತ್ತ ಒಂದು ಹಿಡಿ ತೆಗೆದು, ಪರಪರನೆ ಬಿಡಿಸಿ, ಟ್ರೇಗೆ ಹಾಕಿ ಬಟನ್ ಒತ್ತಿದರು. ಈ ಸಲ ಬಂದ ಕಾಪಿಯಲ್ಲಿ ಹುಡುಗಿಯ ಹೆಸರು ಕರ್ರಗೆ, ಕಾಡಿಗೆ ತೀಡಿದ ಹಾಗೆ ಮೂಡಿತ್ತು.