ಮಿದುಳನ್ನೂ ಪಾಠಕ್ಕಿತ್ತ ಸನ್ಯಾಸಿನಿಯರು

'ಅರವತ್ತಕ್ಕೆ ಅರಳುಮರುಳು' ಎಂಬ ಗಾದೆ ನಮ್ಮಲ್ಲಿದೆ. ಆದರೆ 84ನೆಯ ವಯಸ್ಸಿನವರೆಗೂ ಮಕ್ಕಳಿಗೆ ಪಾಠ ಹೇಳಿ, 101 ವರ್ಷ ಬದುಕಿ, ಇಳಿವಯಸ್ಸಿನಲ್ಲೂ ನೆನಪಿನ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ಗಳಿಸಿದ ಅಧ್ಯಾಪಕಿಯೊಬ್ಬರು ಅಮೆರಿಕದಲ್ಲಿದ್ದರು. ಅವರೊಬ್ಬ ಕ್ಯಾಥೊಲಿಕ್ ಸನ್ಯಾಸಿನಿ. ನಿಧನಾನಂತರ ಅವರ ಮಿದುಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಬೆರಗಾದರು. ಮರೆವಿನ ರೋಗವಾದ ಆಲ್ಜೈಮರ್‌ನ ಗುರುತುಗಳು ಅಲ್ಲಿ ಹೇರಳವಾಗಿದ್ದವು! ಮಿದುಳಿನಲ್ಲಿ ರೋಗವಿತ್ತು, ನಡೆನುಡಿಯಲ್ಲಿ ಅದರ ಸುಳಿವಿರಲಿಲ್ಲ. ಇದು ಹೇಗೆ ಸಾಧ್ಯ?

ಕಲಿಸುವುದೇ ಸೇವೆ

ಕಾನ್ವೆಂಟ್ ಎಂದೊಡನೆ ನಮಗೆ ನೆನಪಾಗುವುದು ಇಂಗ್ಲಿಷ್ ಮಾಧ್ಯಮದ ಶಾಲೆ. ಪದದ ಮೂಲ ಅರ್ಥ ಸನ್ಯಾಸಿನಿಯರ ಮಠ. 'ಸ್ಕೂಲ್ ಸಿಸ್ಟರ್ಸ್ ಆಫ್ ನೋತ್ರ್ ದಾಮ್' ಎಂಬ ಪಂಗಡದಲ್ಲಿ ಈ ಎರಡೂ ಅರ್ಥಗಳು ಕೂಡಿಕೊಂಡಿವೆ. ಇದನ್ನು 1833ರಲ್ಲಿ ಜರ್ಮನಿಯ ಬವೇರಿಯಾದಲ್ಲಿ ಸ್ಥಾಪಿಸಿದವರು ಕರೊಲಿನಾ ಗೆರ್ಹಾರ್ಡಿಂಗರ್. ಬಡ ಹೆಣ್ಣುಮಕ್ಕಳಿಗೆ ವಿದ್ಯೆ ಕೊಡುವುದು ಅವರ ಗುರಿ. 1847ರಲ್ಲಿ ಸಂಗಡಿಗರೊಂದಿಗೆ ಅಮೆರಿಕಕ್ಕೆ ಹೋಗಿ, ಅಲ್ಲಿ ನೆಲೆಸಿದ್ದ ಜರ್ಮನ್ ವಲಸಿಗರ ಮಕ್ಕಳಿಗೆ ಶಾಲೆಗಳನ್ನು ತೆರೆದರು. ಮದುವೆಯಿಲ್ಲ, ಸ್ವಂತ ಆಸ್ತಿಯಿಲ್ಲ. ಪ್ರಾರ್ಥನೆ, ಓದು, ಪಾಠ, ಇದೇ ಆ ಸನ್ಯಾಸಿನಿಯರ ಬದುಕಾಯಿತು.

ಮಿನ್ನೆಸೋಟ ರಾಜ್ಯದ ಮಂಕೇಟೊ ಪಟ್ಟಣದ ಗುಡ್ಡವೊಂದರ ಮೇಲೆ ಈ ಪಂಗಡದ ಮಠವಿತ್ತು. ನಿವೃತ್ತ ಅಧ್ಯಾಪಕಿಯರು ಅಲ್ಲಿ ಒಟ್ಟಿಗೆ ವಾಸಿಸುತ್ತಿದ್ದರು. 1986ರಲ್ಲಿ ಡೇವಿಡ್ ಸ್ನೋಡನ್ ಎಂಬ ವಿಜ್ಞಾನಿ ಅಲ್ಲಿ ಅಧ್ಯಯನ ಆರಂಭಿಸಿದರು. ಮುಂದೆ ಅದು ದೇಶದ ಇತರ ಭಾಗಗಳಲ್ಲಿದ್ದ ಇದೇ ಪಂಗಡದ ಮಠಗಳಿಗೂ ಹಬ್ಬಿತು.

ಸನ್ಯಾಸಿನಿಯರೇ ಏಕೆ?

ಪ್ರಯೋಗಶಾಲೆಯಲ್ಲಿ ಒಂದು ಅಂಶದ ಪರಿಣಾಮ ತಿಳಿಯಬೇಕಾದರೆ ಉಳಿದವನ್ನು ಸಮನಾಗಿಡಬೇಕು. ಮನುಷ್ಯರ ವಿಷಯದಲ್ಲಿ ಇದು ಬಹಳ ಕಷ್ಟ. ಒಬ್ಬರು ಧೂಮಪಾನಿ, ಇನ್ನೊಬ್ಬರಿಗೆ ಆಹಾರದ ಕೊರತೆ, ಮತ್ತೊಬ್ಬರಿಗೆ ವೈದ್ಯರೇ ದೂರ. ಮಠದಲ್ಲಾದರೋ ಊಟ, ವಸತಿ, ಚಿಕಿತ್ಸೆ, ಉದ್ಯೋಗ ಎಲ್ಲವೂ ಹೆಚ್ಚುಕಡಿಮೆ ಒಂದೇ. ಹಳೆಯ ದಾಖಲೆಗಳೂ ಭದ್ರ.

75 ದಾಟಿದ 678 ಸನ್ಯಾಸಿನಿಯರು ಒಪ್ಪಿದರು. ಆಗಾಗ ದೇಹ ಮತ್ತು ಬುದ್ಧಿಶಕ್ತಿಯ ಪರೀಕ್ಷೆ. ಮರಣಾನಂತರ ಮಿದುಳಿನ ದಾನ. ಜೀವನವಿಡೀ ಕಲಿಸಿದವರು ಸತ್ತ ಮೇಲೂ ಕಲಿಸಲು ಸಿದ್ಧರಾದರು.

ಒಂದು ಹಾಳೆಯ ಪ್ರಬಂಧ

1930ರಲ್ಲಿ ಮಠದ ಹಿರಿಯರು ಸನ್ಯಾಸಿನಿಯರಿಗೆ ಒಂದು ಸೂಚನೆ ಕೊಟ್ಟಿದ್ದರು: 200-300 ಪದಗಳಲ್ಲಿ, ಒಂದೇ ಹಾಳೆಯಲ್ಲಿ ನಿಮ್ಮ ಜೀವನಚರಿತ್ರೆ ಬರೆಯಿರಿ. ಸುಮಾರು 22ರ ಹರೆಯದಲ್ಲಿ ಬರೆದ ಈ ಹಾಳೆಗಳು ಕಪಾಟಿನಲ್ಲಿ ಹಾಗೇ ಇದ್ದವು. ವಿಜ್ಞಾನಿಗಳು ಅವುಗಳಲ್ಲಿ ಪ್ರತಿ ಹತ್ತು ಪದಗಳಿಗೆ ಎಷ್ಟು ವಿಚಾರಗಳಿವೆ ಎಂದು ಎಣಿಸಿದರು. ವಿಚಾರಗಳು ದಟ್ಟವಾಗಿದ್ದ ಬರಹದ ಒಡತಿಯರಲ್ಲಿ ಮುಪ್ಪಿನ ಮರೆವು ಕಡಿಮೆಯಿತ್ತು! 1996ರಲ್ಲಿ ಪ್ರಕಟವಾದ ಈ ಫಲಿತಾಂಶ ಲೋಕದ ಗಮನ ಸೆಳೆಯಿತು. 2001ರಲ್ಲಿ ಇನ್ನೊಂದು ವರದಿ ಬಂತು. 180 ಪ್ರಬಂಧಗಳಲ್ಲಿ ಸಂತೋಷ, ಕೃತಜ್ಞತೆಯಂಥ ಭಾವಗಳನ್ನು ಹೆಚ್ಚಾಗಿ ತೋರಿದವರು ಹೆಚ್ಚು ಕಾಲ ಬದುಕಿದ್ದರು.

ಹಾಗೆಂದು ಮಗುವಿನ ಪ್ರಬಂಧ ನೀರಸವಾಗಿದೆಯೆಂದು ತಂದೆತಾಯಿಗಳು ಗಾಬರಿಯಾಗಬೇಕಿಲ್ಲ. ಎರಡು ಸಂಗತಿಗಳು ಜೊತೆಯಾಗಿ ಕಂಡಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ಒಳ್ಳೆಯ ಬರವಣಿಗೆ ಮಿದುಳನ್ನು ಕಾಯಿತೋ, ಗಟ್ಟಿಯಾದ ಮಿದುಳು ಒಳ್ಳೆಯದಾಗಿ ಬರೆಯಿತೋ ಎಂದು ಈ ಅಧ್ಯಯನವೊಂದರಿಂದಲೇ ಹೇಳಲಾಗದು. ಇನ್ನೊಂದು ಸುಳಿವು ಹೆಚ್ಚು ಉಪಯುಕ್ತ. ಮಿದುಳಿನಲ್ಲಿ ಆಲ್ಜೈಮರ್ ಗುರುತುಗಳಿದ್ದವರ ಪೈಕಿ, ರಕ್ತ ಸಂಚಾರ ಕಡಿದು ಸಣ್ಣಪುಟ್ಟ ಆಘಾತಗಳೂ ಆಗಿದ್ದವರಲ್ಲಿ ಮರೆವು ಹೆಚ್ಚಾಗಿ ಪ್ರಕಟವಾಗಿತ್ತು. ಮನೆಯ ಹಿರಿಯರ ರಕ್ತದೊತ್ತಡವನ್ನು ಹತೋಟಿಯಲ್ಲಿಡಲು ಇದೂ ಒಂದು ಕಾರಣ.

101 ವರ್ಷದ ಆ ಅಧ್ಯಾಪಕಿ ರೋಗವನ್ನು ಹೇಗೆ ಎದುರಿಸಿ ನಿಂತರು ಎಂಬುದಕ್ಕೆ ಪೂರ್ಣ ಉತ್ತರ ಇನ್ನೂ ದೊರೆತಿಲ್ಲ. ಕಾಪಿಟ್ಟ ಆ ಮಿದುಳುಗಳನ್ನು ವಿಜ್ಞಾನಿಗಳು ಇಂದಿಗೂ ಅಭ್ಯಸಿಸುತ್ತಿದ್ದಾರೆ. ಅಧ್ಯಾಪಕಿಯರು ತೀರಿಕೊಂಡರು, ತರಗತಿ ಮಾತ್ರ ಇನ್ನೂ ಮುಗಿದಿಲ್ಲ.