ಸರ್ಕಾರಿ ಟೆಂಡರ್‌ಗಳಲ್ಲಿ ಸಣ್ಣ ಉದ್ದಿಮೆಗಳಿಗಿರುವ ಅವಕಾಶ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ತಯಾರಿಕಾ ಘಟಕಕ್ಕೆ 2016ರ ಜನವರಿಯಲ್ಲಿ ಶಂಕುಸ್ಥಾಪನೆ ನೆರವೇರಿ, 2023ರ ಫೆಬ್ರವರಿ 6ರಂದು ಅದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ಕೇಂದ್ರ ಸರ್ಕಾರದ ಇಂತಹ ಉದ್ದಿಮೆಯೊಂದು ಜಿಲ್ಲೆಯಲ್ಲಿಯೇ ಇರುವಾಗ, ತುಮಕೂರು ಮಹಾನಗರ ಪಾಲಿಕೆ, ಕುಣಿಗಲ್ ಪುರಸಭೆ ಮೊದಲಾದ ಸಂಸ್ಥೆಗಳೂ ಟೆಂಡರ್ ಮೂಲಕ ಖರೀದಿ ಮಾಡುವಾಗ, ವಸಂತನರಸಾಪುರ, ಹಿರೇಹಳ್ಳಿ, ಅಂಚೇಪಾಳ್ಯಗಳ ಸಣ್ಣ ಘಟಕಗಳು ಟೆಂಡರನ್ನು ದೊಡ್ಡವರ ವ್ಯವಹಾರವೆಂದು ಭಾವಿಸಿ ದೂರ ಉಳಿಯುವುದು ಸಲ್ಲದು.

ಯಾರ ಖರೀದಿಗೆ ಯಾವ ನಿಯಮ?

ರಾಜ್ಯ ಸರ್ಕಾರದ ಇಲಾಖೆಗಳು ಹಾಗೂ ಸ್ಥಳೀಯ ಸಂಸ್ಥೆಗಳು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮಕ್ಕೆ ಒಳಪಡುತ್ತವೆ. ಇವುಗಳ ಟೆಂಡರ್‌ಗಳು ರಾಜ್ಯದ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ ಪ್ರಕಟವಾಗುತ್ತವೆ. ಕೇಂದ್ರದ ಇಲಾಖೆಗಳು ಮತ್ತು ಸಾರ್ವಜನಿಕ ಉದ್ದಿಮೆಗಳಿಗೆ ಅನ್ವಯಿಸುವುದು ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಸಾರ್ವಜನಿಕ ಖರೀದಿ ನೀತಿ, 2012. ಇವುಗಳ ಸರಕು-ಸೇವೆಗಳ ಖರೀದಿಯ ಬಹುಭಾಗ 2016ರಲ್ಲಿ ಆರಂಭವಾದ ‘ಜೆಮ್’ ಪೋರ್ಟಲ್ ಮೂಲಕ ನಡೆಯುತ್ತದೆ.

ಕೇಂದ್ರದ ನೀತಿಯ ಪ್ರಕಾರ ವಾರ್ಷಿಕ ಖರೀದಿಯಲ್ಲಿ ಶೇ. 25ರಷ್ಟನ್ನು ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ಪಡೆಯಬೇಕು. ಇದರಲ್ಲಿ ಶೇ. 4 ಪರಿಶಿಷ್ಟ ಜಾತಿ ಮತ್ತು ಪಂಗಡದವರ, ಶೇ. 3 ಮಹಿಳೆಯರ ಉದ್ದಿಮೆಗಳಿಗೆ ಮೀಸಲು. 358 ವಸ್ತುಗಳನ್ನು ಸಣ್ಣ ಉದ್ದಿಮೆಗಳಿಂದಲೇ ಕೊಳ್ಳಬೇಕೆಂದು ಗುರುತಿಸಲಾಗಿದೆ. ಟೆಂಡರ್ ನಮೂನೆ ಉಚಿತ, ಇ.ಎಂ.ಡಿ. ಠೇವಣಿಯಿಂದಲೂ ವಿನಾಯಿತಿಯುಂಟು.

ದರದಲ್ಲಿ ದೊರೆಯುವ ಅನುಕೂಲ

ಉದಾಹರಣೆಗೆ, 10,000 ಬಿಡಿಭಾಗಗಳ ಟೆಂಡರ್‌ನಲ್ಲಿ ದೊಡ್ಡ ಕಂಪನಿಯೊಂದು ತಲಾ 100 ರೂ.ನಂತೆ ಅತಿ ಕಡಿಮೆ ದರ ನಮೂದಿಸಿದೆ. ಸಣ್ಣ ಘಟಕದ ದರ 112 ರೂ. ಎಂದಿಟ್ಟುಕೊಳ್ಳೋಣ. ಕನಿಷ್ಠ ದರಕ್ಕಿಂತ ಶೇ. 15ರೊಳಗಿನ ಅಂತರವಿರುವುದರಿಂದ, 100 ರೂ.ಗೆ ಒಪ್ಪಿದಲ್ಲಿ ಈ ಘಟಕವು ಶೇ. 25ರವರೆಗೆ, ಅಂದರೆ 2,500 ಬಿಡಿಭಾಗಗಳನ್ನು ಪೂರೈಸಬಹುದು. ಅರ್ಹ ಘಟಕಗಳು ಹಲವಿದ್ದರೆ ಈ ಪಾಲು ಹಂಚಿಕೆಯಾಗುತ್ತದೆ. ಆದರೆ 100 ರೂ.ನಲ್ಲಿ ಕಚ್ಚಾವಸ್ತು, ಕೂಲಿ, ಸಾಗಣೆ, ಬಡ್ಡಿ ಇವೆಲ್ಲ ಗಿಟ್ಟುವವೇ ಎಂಬ ಲೆಕ್ಕವನ್ನು ಟೆಂಡರ್ ಸಲ್ಲಿಸುವ ಮೊದಲೇ ಹಾಕಿಕೊಂಡಿರಬೇಕು. ನಷ್ಟದ ದರಕ್ಕೆ ಒಪ್ಪುವುದಕ್ಕಿಂತ ಆದೇಶ ಕೈಬಿಡುವುದೇ ಲೇಸು.

ವರ್ತಕರು ಗಮನಿಸಬೇಕಾದುದು

ಉದ್ಯಮ್ ನೋಂದಣಿ ಪಡೆದ ಮಾತ್ರಕ್ಕೆ ವರ್ತಕರಿಗೆ ಈ ಸೌಲಭ್ಯಗಳು ದೊರೆಯುವುದಿಲ್ಲ. 2021ರ ಜುಲೈನಲ್ಲಿ ಅವರಿಗೆ ನೋಂದಣಿಗೆ ಅವಕಾಶವಾದರೂ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ಆದ್ದರಿಂದ ವರ್ತಕರು ಠೇವಣಿಯ ಹಣವನ್ನು ಹೊಂದಿಸಿಕೊಂಡು, ಸಾಮಾನ್ಯ ಸ್ಪರ್ಧಿಗಳಾಗಿಯೇ ಭಾಗವಹಿಸಬೇಕು. ಕಾಮಗಾರಿ ಗುತ್ತಿಗೆಗಳಿಗೂ 2012ರ ನೀತಿ ಅನ್ವಯಿಸುವುದಿಲ್ಲ.

ತಿರಸ್ಕಾರ ತಪ್ಪಿಸುವುದು ಹೇಗೆ?

ದ್ವಿಲಕೋಟೆ ಪದ್ಧತಿಯಲ್ಲಿ ಮೊದಲು ತಾಂತ್ರಿಕ ಲಕೋಟೆಯನ್ನು ತೆರೆಯಲಾಗುತ್ತದೆ. ಅದರಲ್ಲಿ ಅನುತ್ತೀರ್ಣರಾದವರ ದರ ಎಷ್ಟೇ ಕಡಿಮೆಯಿದ್ದರೂ ಆರ್ಥಿಕ ಲಕೋಟೆ ತೆರೆಯುವುದಿಲ್ಲ. ಜಿ.ಎಸ್.ಟಿ. ವಿವರ, ಲೆಕ್ಕಪರಿಶೋಧಕರು ದೃಢೀಕರಿಸಿದ ವಹಿವಾಟು ಪತ್ರ, ಹಿಂದಿನ ಪೂರೈಕೆಯ ಪ್ರಮಾಣಪತ್ರ, ಚಾಲ್ತಿಯಲ್ಲಿರುವ ಡಿಜಿಟಲ್ ಸಹಿ ಇವುಗಳನ್ನು ಸದಾ ಸಿದ್ಧವಾಗಿಟ್ಟುಕೊಳ್ಳಬೇಕು. ಷರತ್ತು ಅಸ್ಪಷ್ಟವಾಗಿದ್ದಲ್ಲಿ ನಿಗದಿತ ಅವಧಿಯೊಳಗೆ ಲಿಖಿತ ಸ್ಪಷ್ಟನೆ ಕೇಳಬೇಕು. ರಾಜ್ಯದ ಅಧಿನಿಯಮದಡಿ ಟೆಂಡರ್ ಅಂಗೀಕಾರದ ಆದೇಶದಿಂದ ಬಾಧಿತರಾದವರು, ಆದೇಶ ತಲುಪಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಹಣ ಬಾರದಿದ್ದರೆ

ಸಣ್ಣ ಘಟಕಗಳು ಸೊರಗುವುದು ಬಹುತೇಕ ಬಿಲ್ ಪಾವತಿಯ ವಿಳಂಬದಿಂದ. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆಯಂತೆ ಒಪ್ಪಂದದಲ್ಲಿ ಏನೇ ಬರೆದಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಮೀರಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. ವಿವಾದವನ್ನು ರಾಜ್ಯದ ಸೌಲಭ್ಯ ಮಂಡಳಿಗೆ ಒಯ್ಯಬಹುದು. ಇದಕ್ಕಾಗಿ ಒಪ್ಪಂದಕ್ಕೂ ಮೊದಲೇ ಉದ್ಯಮ್ ನೋಂದಣಿ ಪಡೆದಿರುವುದು ಕ್ಷೇಮ. ಸರಕು ಸ್ವೀಕರಿಸಿದ ದಿನಾಂಕವುಳ್ಳ ರಸೀದಿಯನ್ನು ತಪ್ಪದೆ ಕಾಯ್ದಿರಿಸಬೇಕು.

ಮೊದಲ ಪ್ರಯತ್ನಕ್ಕೆ ಸಣ್ಣ ಮೊತ್ತದ ಟೆಂಡರನ್ನು ಆಯ್ದುಕೊಳ್ಳುವುದು ಸೂಕ್ತ. ವೇಳೆಗೆ ಸರಿಯಾಗಿ ಪೂರೈಸಿ ಪಡೆದ ಒಂದು ಪ್ರಮಾಣಪತ್ರವು ಮುಂದಿನ ದೊಡ್ಡ ಟೆಂಡರ್‌ಗೆ ಅರ್ಹತೆಯ ಆಧಾರವಾಗುತ್ತದೆ.